ಪ್ರೈಮಸ್ ಮಿಂಗೊ ಸತ್ತ ಶಾಂತಿಯುತ ಚುನಾವಣೆ

ಪೆನ್ಸಿಲ್ವೇನಿಯ, 1837ರ ಅಕ್ಟೋಬರ್ 23

ನಮ್ಮ ವಾರ್ಡಿನ ಚುನಾವಣಾ ನ್ಯಾಯಾಧೀಶರಿಗೆ

ಮಾನ್ಯರೇ,

ಈ ತಿಂಗಳ ಹತ್ತರಂದು ನಮ್ಮ ವಾರ್ಡಿನ ಚುನಾವಣೆ "ಶಾಂತಿಯುತವಾಗಿ, ಯಾವ ಅಡಚಣೆಯೂ ಇಲ್ಲದೆ" ನಡೆಯಿತೆಂದು ತಾವು ವರದಿ ಬರೆದು ಸಹಿ ಹಾಕಿದ್ದೀರಿ. ಅಂದು ತಾವು ಕುಳಿತು ಮತದ ಚೀಟಿ ತೆಗೆದುಕೊಳ್ಳುವ ಕಿಟಕಿಯ ಕೆಳಗೇ ನನ್ನ ಅಕ್ಕನ ಗಂಡ ಪ್ರೈಮಸ್ ಮಿಂಗೊನನ್ನು ಬಡಿದು ಕೆಡವಿದರು. ಮೂರನೆಯ ದಿನ ಅವನು ಸತ್ತ. ಇದು ತಮ್ಮ ಶಾಂತಿಯೊಳಗೆ ಬರುತ್ತದೆಯೋ, ಅಥವಾ ಅಡಚಣೆ ಎನಿಸಿಕೊಳ್ಳಲು ಇನ್ನೂ ಇಬ್ಬರು ಸಾಯಬೇಕಿತ್ತೋ? ಖಾಸಗಿಯಾಗಿ ಎರಡು ಸಲ ಬರೆದು ಕೇಳಿದೆ. ಉತ್ತರವಿಲ್ಲ. ಆದ್ದರಿಂದ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ನಾನು ಹಡಗಿನ ಹಾಯಿ ಹೊಲಿಯುವವನು. ಪ್ರೈಮಸ್ ಭಾವ ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ ಟಾರು ಮೆತ್ತುತ್ತಿದ್ದ. ಇಬ್ಬರೂ ಕರಿಯರು, ಇಬ್ಬರೂ ಇಲ್ಲೇ ಸ್ವತಂತ್ರರಾಗಿ ಹುಟ್ಟಿದವರು, ಇಬ್ಬರೂ ತೆರಿಗೆ ಕಟ್ಟಿದವರು. ಈ ರಾಜ್ಯದ ಸಂವಿಧಾನ ಮತದಾರ ಸ್ವತಂತ್ರ ಮನುಷ್ಯನಾಗಿರಬೇಕು ಎನ್ನುತ್ತದೆಯೇ ಹೊರತು ಅವನ ಚರ್ಮದ ಬಣ್ಣ ಕೇಳುವುದಿಲ್ಲ. ಹಿಂದಿನ ಎರಡು ಚುನಾವಣೆಗಳಲ್ಲಿ ನಮ್ಮ ಚೀಟಿಗಳನ್ನು ಕಿಟಕಿಯಿಂದ ಕೈಚಾಚಿ ತೆಗೆದುಕೊಂಡವರು ತಾವೇ. ಆಗ ಕಾಣದ ಕಪ್ಪು ಈ ಸಲ ಹೇಗೆ ಕಂಡಿತು? ತಮ್ಮ ಪಕ್ಷ ಕಳೆದ ಸಲ ಹನ್ನೊಂದೇ ಮತಗಳಿಂದ ಸೋತಿತೆಂದೇ?

ಇದು ಜನಸಾಮಾನ್ಯನ ಕಾಲವೆಂದು ತಮ್ಮವರು ಪೀಪಾಯಿಯ ಮೇಲೆ ನಿಂತು ಭಾಷಣ ಮಾಡುತ್ತಾರೆ. ಜಮೀನಿಲ್ಲದವನೂ ಮತ ಹಾಕಲಿ, ಮೊನ್ನೆ ಹಡಗಿನಿಂದ ಇಳಿದವನೂ ಹಾಕಲಿ ಎನ್ನುತ್ತಾರೆ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಪಕ್ಕದ ಮನೆಯಲ್ಲಿರುವ, ಗಾಡಿ ಹೊಡೆಯುವ ಐರಿಷ್‌ನವ ಫೀಲಿಮ್ ಗೆರಟಿಗೆ ಪೌರತ್ವದ ಕಾಗದ ಬಂದಾಗ, ಓದು ಬಾರದ ಅವನಿಗೆ ಅದನ್ನು ಮೂರು ಸಲ ಓದಿ ಹೇಳಿದವನು ನಾನು.

"ಅಂದ್ರೆ ಜೆಪ್ತಾ, ನಮ್ಮೂರಲ್ಲಿ ಜಮೀನ್ದಾರನಿಗಿದ್ದ ಹಕ್ಕು ಇಲ್ಲಿ ನನಗೈತಾ?" ಎಂದ.

"ಐತೆ ಕಣೋ. ನನಗೆಷ್ಟೋ ನಿನಗೂ ಅಷ್ಟೇ."

ಅವನು ನಗುತ್ತಾ ನನ್ನ ಬೆನ್ನಿಗೆ ಗುದ್ದಿದ.

ಚುನಾವಣೆಯ ಬೆಳಗ್ಗೆ ನನ್ನ ಅಕ್ಕ ಡಾರ್ಕಸ್ ಭಾವನ ಕೋಟು ಹಿಡಿದು ತಡೆದಳು. "ಇವತ್ತು ಬೇಡ ಕಣ್ರೀ. ಒಂದು ಚೀಟಿ ಕಮ್ಮಿಯಾದ್ರೆ ರಾಜ್ಯ ಮುಳುಗುತ್ತಾ?"

"ಈ ಸಲ ಹೋಗ್ದೇ ಇದ್ರೆ, ಮುಂದಿನ ಸಲ 'ನೀನ್ಯಾವನೋ' ಅಂತಾರೆ," ಎಂದ ಭಾವ.

ಚೌಕದಲ್ಲಿ ತಮ್ಮ ಪಕ್ಷದ ಬಾವುಟ ಕಟ್ಟಿದ ಕಂಬದ ಕೆಳಗೆ ವಿಸ್ಕಿ ಪೀಪಾಯಿ ತೆರೆದಿತ್ತು. ಕೊಡಲಿ ಕಾವುಗಳನ್ನು ಸೌದೆಯಂತೆ ಒಟ್ಟಿದ್ದರು. ಸಾಲಿನಲ್ಲಿ ನಿಂತ ನಮ್ಮನ್ನು ಕಂಡು ಒಬ್ಬ ದಾಂಡಿಗ ಕೂಗಿದ: "ಏಯ್, ಇದು ಕುದುರೆ ಲಾಯ ಅಲ್ಲ, ಮತಗಟ್ಟೆ!"

"ಗೊತ್ತು ಸಾಹೇಬ್ರೇ," ಎಂದ ಭಾವ. "ಲಾಯ ಆಗಿದ್ರೆ ನಿಮ್ಮನ್ನ ಕಟ್ಟಿ ಹಾಕಿರ್ತಿದ್ರು."

ಅವನ ಜೊತೆಯವರೇ ಗೊಳ್ಳೆಂದು ನಕ್ಕರು. ಅವನ ಮುಖ ಕೆಂಪೇರಿತು. ಅಷ್ಟರಲ್ಲಿ ನಾವು ಕಿಟಕಿ ತಲುಪಿದ್ದೆವು. ಮಾನ್ಯರೇ, ಮುಂದಿನದನ್ನು ತಾವು ನೋಡಿಲ್ಲ ಎನ್ನಬೇಡಿ. ಭಾವನ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದಿರಿ. ಜನರ ಕಡೆ ಕಣ್ಣು ಹಾಯಿಸಿದಿರಿ. ಚೀಟಿಯನ್ನು ಹೊರಗೆ ಬೀಳಿಸಿದಿರಿ. ಅದನ್ನು ಎತ್ತಿಕೊಳ್ಳಲು ಭಾವ ಬಗ್ಗಿದ. ಬಗ್ಗಿದ ತಲೆಯ ಹಿಂಭಾಗಕ್ಕೆ ಕಾವಿನ ಏಟು ಬಿತ್ತು.

ತಾವು ಕಿಟಕಿಯ ಬಾಗಿಲು ಹಾಕಿಕೊಂಡಿರಿ. ಒಳಗೆ ಅಗುಳಿ ಜಾರಿದ ಸದ್ದು ನನಗೆ ಕೇಳಿಸಿತು.

ಆಮೇಲೆ ಬೂಟುಗಳು, ಕಾವುಗಳು, ಇಟ್ಟಿಗೆ ಚೂರುಗಳು. ಭಾವನ ಹಲ್ಲುಗಳು ಕಲ್ಲುಹಾಸಿನ ಮೇಲೆ ಉದುರಿದವು. ಅವನ ಮೇಲೆ ಕವಿದುಬಿದ್ದ ನನ್ನ ಬಲಗೈಯ ಎರಡು ಬೆರಳು ಮುರಿದವು. ಕಣ್ಣಿಗೆ ಇಳಿದ ರಕ್ತದ ನಡುವೆ ಗೆರಟಿ ಕಂಡ. ಕಾಪಾಡಲು ಬಂದ ಎಂದುಕೊಂಡೆ. ಅವನ ಕೈಯಲ್ಲೂ ಕಾವಿತ್ತು. ನನ್ನ ಮುಖ ನೋಡಿ ಒಂದು ಕ್ಷಣ ನಿಂತ. ಆಮೇಲೆ ಹೊಡೆದ.

ಭಾವನನ್ನು ಹೂಳಿದ ಮರುದಿನ ಗೆರಟಿ ಟೋಪಿ ಕೈಲಿ ಹಿಡಿದು ನಮ್ಮ ಹೊಸ್ತಿಲ ಹೊರಗೆ ನಿಂತಿದ್ದ. "ನಾನೂ ಹೊಡೆದೆ. ಹೊಡೀದಿದ್ರೆ ನಿನ್ನನ್ನೂ ಇಲ್ಲೇ ಮಲಗಿಸ್ತೀವಿ ಅಂದ್ರು. ಎರಡು ಏಟು."

"ಎಲ್ಲಿಗೆ?" ಎಂದಳು ಅಕ್ಕ.

"ಪಕ್ಕೆಗೆ, ತಾಯೀ."

"ಮೂರು ದಿನ ಅವರಿಗೆ ಉಸಿರು ಎಳೆಯೋಕೆ ಆಗ್ಲಿಲ್ಲ."

ಹಾಯಿ ಕತ್ತರಿಸುವ ಚಾಕು ನನ್ನ ಎಡಗೈಗೆ ಬಂದಿತ್ತು. ಅದನ್ನು ಅವನ ಹೊಟ್ಟೆಗೆ ಇಳಿಸುವವನಿದ್ದೆ, ಮುಚ್ಚಿಡುವುದಿಲ್ಲ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. "ಬಿಡೋ. ಇವನು ಸತ್ರೆ ಉಳಿದವರ ಹೆಸರು ಯಾರು ಹೇಳ್ತಾರೆ?"

ಗೆರಟಿ ಏಳು ಹೆಸರು ಹೇಳಿದ. ಅಂದೇ ತಮ್ಮ ಕಚೇರಿಗೂ ಬಂದು ಹೇಳಿದ. ತಾವು ಅವನ ಹೆಗಲ ಮೇಲೆ ಕೈಯಿಟ್ಟು, "ಮನೆಗೆ ಹೋಗಯ್ಯ. ನೀನು ನಮ್ಮ ಮತದಾರ. ನೀನೇನೂ ನೋಡಿಲ್ಲ," ಎಂದಿರಂತೆ. ಕೊಂದವನೇ ಕೊಂದೆ ಎನ್ನುತ್ತಿದ್ದಾನೆ, ನ್ಯಾಯಾಧೀಶರು ಇಲ್ಲವೆನ್ನುತ್ತಿದ್ದಾರೆ! ಅರಸನನ್ನು ಓಡಿಸಿ ಅರವತ್ತು ವರ್ಷ ಕಳೆದ ಮೇಲೆ ನಾವು ಗಳಿಸಿದ ಪ್ರಜಾಪ್ರಭುತ್ವ ಇದೇ ಏನು?

ಹ್ಯಾರಿಸ್‌ಬರ್ಗ್‌ನಲ್ಲಿ ಸಂವಿಧಾನ ತಿದ್ದಲು ಕುಳಿತ ಮಹನೀಯರಿಗೆ, ಮತದಾರ ಎಂಬ ಪದದ ಮುಂದೆ "ಬಿಳಿಯ" ಎಂದು ಸೇರಿಸಿ ಎಂದು ಮನವಿಗಳು ಹೋಗುತ್ತಿವೆ. ಸೇರಿಸಿದರೆ ಕೊಡಲಿ ಕಾವುಗಳ ಖರ್ಚು ಉಳಿಯುತ್ತದೆ; ನಮ್ಮನ್ನು ಅಟ್ಟಲು ಕಾನೂನೇ ಸಾಕು. ಆದರೆ ಇವತ್ತಿನ ಮಟ್ಟಿಗೆ ಆ ಪದ ಅಲ್ಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಬರುವ ಸೋಮವಾರ ಬೆಳಗ್ಗೆ ಹತ್ತಕ್ಕೆ ಅಕ್ಕ, ನಾನು, ಗೆರಟಿ ಮೂವರೂ ತಮ್ಮ ಕಚೇರಿಗೆ ಬರುತ್ತೇವೆ. ಅವನು ಪ್ರಮಾಣ ಮಾಡಿ ಏಳು ಹೆಸರು ಹೇಳುತ್ತಾನೆ, ಎಂಟನೆಯದಾಗಿ ತನ್ನದನ್ನು. ತಾವು ಎಂಟನ್ನೂ ಬರೆದುಕೊಳ್ಳಬೇಕು. ಗಲ್ಲಿಗೆ ಹಾಕಿಯಾರು ಎಂದು ಅವನಿಗೆ ನಾನೇ ಎಚ್ಚರಿಸಿದೆ. "ಗೊತ್ತು," ಎಂದ. ನಿನ್ನೆ ಗಾಡಿಯನ್ನು ತನ್ನ ತಮ್ಮನಿಗೆ ಒಪ್ಪಿಸಿ ಬಂದಿದ್ದಾನೆ.

ಇಂತಿ,
ಸದ್ಯಕ್ಕೆ ಇನ್ನೂ ಮತದಾರನಾಗಿರುವ
ಜೆಪ್ತಾ ಪರ್ನೆಲ್