ಲೆಕ್ಕಕ್ಕೆ ಸೇರದವನು

ಲೀಡ್ಸ್,
೧೨ ಮಾರ್ಚ್ ೧೯೪೪

ಪ್ರೀತಿಯ ತಮ್ಮ ಸೆಲಿಗ್‌ಗೆ,

ಹೇಗಿದ್ದೀಯಾ? ಇಟಲಿಯ ಚಳಿ ಇಳಿಯಿತೇ? ಅಮ್ಮ ಹೋದ ಸುದ್ದಿಯ ತಂತಿ ನಿನ್ನ ಕೈ ಸೇರಿರಬೇಕು. ಅದರ ಬೆನ್ನಿಗೇ ಕಾಗದ ಬರೆಯಬೇಕಿತ್ತು, ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು. ಹರಿದು ಒಲೆಗೆ ಹಾಕಿದೆ. ಇವತ್ತೂ ಸಿಟ್ಟು ಇಳಿದಿಲ್ಲ. ಸೆನ್ಸಾರಿನವನು ಓದಿದರೆ ಓದಲಿ. ಹೋದರೆ ನಮ್ಮ ಯಹೂದಿ ಬೀದಿಯ ಮಾನ ಹೋದೀತು, ಸರ್ಕಾರದ ಗುಟ್ಟೇನೂ ಇದರಲ್ಲಿಲ್ಲ.

ಅಮ್ಮನಿಗೆ ನ್ಯುಮೋನಿಯಾ ಆಗಿತ್ತು. ನಾನು ಆಗ ಲಿಂಕನ್‌ಶೈರಿನ ಕೆಸರಿನಲ್ಲಿ ಕಾಲುವೆ ತೋಡುತ್ತಿದ್ದೆ. ಯುದ್ಧಕ್ಕೆ ಬರುವುದಿಲ್ಲ ಎಂದದ್ದಕ್ಕೆ ನ್ಯಾಯಮಂಡಳಿ ನನಗೆ ಕೊಟ್ಟ ಕೆಲಸ ಅದೇ ತಾನೆ. ರಜೆ ಕೇಳಿದರೆ ಮೇಸ್ತ್ರಿ, ನಿನ್ನಂಥವನಿಗೂ ಒಬ್ಬಳು ತಾಯಿ ಇದ್ದಾಳೆಯೇ ಎಂದು ನಕ್ಕ. ನಾನು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮರುದಿನವೇ ಮಣ್ಣು ಮಾಡಿದೆವು. ಸೂತಕದ ಪದ್ಧತಿಯಂತೆ ಕೋಟಿನ ಅಂಚು ಹರಿದುಕೊಂಡು, ಕನ್ನಡಿಗೆ ಬಟ್ಟೆ ಹೊದಿಸಿ, ತಗ್ಗು ಮಣೆಯ ಮೇಲೆ ಕೂತೆ. ಸಂಜೆಯ ಪ್ರಾರ್ಥನೆಗೆ ಸಿನಗಾಗಿನ ಹಿರಿಯರು ಬಂದರು. ಮುಂದೆ ಅಧ್ಯಕ್ಷ ಬ್ರೋಸ್ಗಾಲ್, ಈಗ ಸೈನ್ಯಕ್ಕೆ ಕೋಟು ಹೊಲಿಸಿ ದುಂಡಗಾಗಿದ್ದಾನೆ. ನನ್ನ ಕಾದಂಬರಿ ಅಚ್ಚಾದಾಗ ಕಂಡವರಿಗೆಲ್ಲ 'ನಮ್ಮ ಹುಡುಗ' ಎಂದು ಹೇಳಿಕೊಂಡು ತಿರುಗಿದವನು ಅವನೇ. ನಾನು ಬಂದೂಕು ಹಿಡಿಯುವುದಿಲ್ಲ ಎಂದಾಗ ಅದೇ ಪುಸ್ತಕವನ್ನು ವಾಚನಾಲಯದಿಂದ ತೆಗೆಸಿದವನೂ ಅವನೇ.

ಹತ್ತು ಗಂಡಸರು ಕೂಡದೆ ಸತ್ತವರಿಗೆ ಕದ್ದಿಶ್ ಪ್ರಾರ್ಥನೆ ಹೇಳುವಂತಿಲ್ಲವಲ್ಲ. ಮನುಷ್ಯರ ತಲೆ ಎಣಿಸಬಾರದೆಂಬ ರೂಢಿಯಂತೆ ಅವನು ಹತ್ತು ಪದಗಳ ವಚನ ಹಿಡಿದು, ಒಬ್ಬೊಬ್ಬರನ್ನು ನೋಡಿ ಒಂದೊಂದು ಪದ ಹೇಳುತ್ತ ಬಂದ. ನನ್ನ ಬಳಿ ಬಂದಾಗ ಬಾಯಿ ಮುಚ್ಚಿದ. ಕೊನೆಯ ಪದ ಹಾಗೇ ಉಳಿಯಿತು.

"ಒಬ್ಬ ಕಮ್ಮಿ. ಟ್ರಾಮ್ ನಿಲ್ಲೋ ಕಡೆ ಯಾರಾದ್ರೂ ನಮ್ಮವರು ಸಿಗ್ತಾರಾ ನೋಡಿ" ಎಂದ.

"ನಾನು ಇಲ್ಲೇ ಇದೀನಲ್ಲ" ಎಂದೆ.

"ನೀನು ಮಗ ಅಲ್ಲ ಅಂತ ಯಾರಂದ್ರು? ಕದ್ದಿಶ್ ನೀನೇ ಹೇಳಪ್ಪ. ಆದ್ರೆ ಜನರ ಜೊತೆ ನಿಲ್ಲದೇ ಇರೋನನ್ನ ಜನರ ಲೆಕ್ಕಕ್ಕೆ ಹೇಗೆ ಹಿಡೀಲಿ?"

ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅದೂ ನಮ್ಮಮ್ಮನ ಮನೆಯಲ್ಲಿ, ಅವಳ ಮೇಲಿನ ಮಣ್ಣು ಇನ್ನೂ ಆರದಿರುವಾಗ.

ಆ ಮುದುಕರೆಲ್ಲ ಯಾರು, ಸೆಲಿಗ್? ರಷ್ಯಾದ ಜಾರ್ ಚಕ್ರವರ್ತಿಯ ಸೈನ್ಯಕ್ಕೆ ಸಿಗಬಾರದೆಂದು ಗಡಿ ದಾಟಿ ಓಡಿಬಂದವರು. ಅಪ್ಪ ಕೊಡಲಿಯಲ್ಲಿ ತನ್ನ ತೋರುಬೆರಳು ಕಡಿದುಕೊಂಡು ಸೈನ್ಯದಿಂದ ತಪ್ಪಿಸಿಕೊಂಡದ್ದನ್ನು ಪ್ರತಿ ಶನಿವಾರ ಉಪ್ಪುಮೀನು ಮೆಲ್ಲುತ್ತ ವೀರಗಾಥೆಯಂತೆ ಹೇಳಿದವರು. ಬೆರಳು ಕಡಿದುಕೊಂಡು 'ಗಾಡಿಯ ಚಕ್ರಕ್ಕೆ ಸಿಕ್ಕಿತು' ಎಂದವನು ಜಾಣ. ಎಲ್ಲ ಬೆರಳೂ ಇಟ್ಟುಕೊಂಡು 'ಕೊಲ್ಲುವುದಿಲ್ಲ' ಎಂದವನು ಕುಲಗೇಡಿ. ಇದನ್ನು ಅವರ ಮುಖದ ಮೇಲೆಯೇ ಹೇಳಿದೆ. ಬಾಗಿಲು ತೆರೆದು ಹಿಡಿದು, ಎಲ್ಲರೂ ಹೊರಡಿ ಎಂದೆ. ಹೊರಟರು. ಅಮ್ಮನಿಗೆ ಅಂದೂ ಕದ್ದಿಶ್ ಆಗಲಿಲ್ಲ, ಆಮೇಲೂ ಆಗಿಲ್ಲ.

ಅಪ್ಪನ ಗೆಳೆಯ, ಇಸ್ತ್ರಿಯ ಝುಂಡೆಲ್ ಮಾತ್ರ ಉಳಿದ. ಮೊಣಕಾಲು ಹಿಡಿದುಕೊಂಡಿದೆ, ಏಳಲಾಗುವುದಿಲ್ಲ ಎಂದು ನೆಪ ಹೇಳಿದ. ಸೂತಕದವರು ತಿನ್ನಬೇಕಾದ ಬೇಯಿಸಿದ ಮೊಟ್ಟೆ ಸುಲಿದು ನನ್ನ ಕೈಗಿಟ್ಟು ತಿನ್ನಿಸಿದ.

"ನಿಮ್ಮಪ್ಪ ಬೆರಳು ಕಡ್ಕೊಂಡಿದ್ದು ಜಾರನ ಯುದ್ಧಕ್ಕೆ. ಇದು ನಮ್ಮ ಯುದ್ಧ ಕಣೋ" ಎಂದ ಆಮೇಲೆ. "ಹಿಟ್ಲರ್ ಹಿಡಿದಿರೋ ಗ್ರೋಡ್ನೋದಲ್ಲಿರೋ ನನ್ನ ತಂಗಿ, ಅವಳ ಮಕ್ಕಳು ಏನಾದ್ರು ಅಂತ ಯಾರನ್ನ ಕೇಳ್ಲಿ? ಎಲ್ಲರೂ ನಿನ್ನ ಹಾಗೇ ಕೂತ್ರೆ ಅವರನ್ನ ಬಿಡಿಸೋರು ಯಾರು?"

ನ್ಯಾಯಮಂಡಳಿಯವರೂ ಇದನ್ನೇ ಕೇಳಿದ್ದರು. ಕೊಲ್ಲಬೇಡ ಎಂಬ ಆಜ್ಞೆಗೆ ಹಿಟ್ಲರ್ ಬರುವವರೆಗೆ ಎಂಬ ಗಡುವು ಇಲ್ಲ ಎಂದು ಅವರಿಗೆ ಠೀವಿಯಿಂದ ಉತ್ತರ ಕೊಟ್ಟಿದ್ದೆ. ಈಗಲೂ ನಾನು ಬಂದೂಕು ಮುಟ್ಟುವವನಲ್ಲ. ಆದರೆ ತಂಗಿಯ ಬಗ್ಗೆ ಕೇಳುವ ಝುಂಡೆಲನಿಗೆ ಆ ಉತ್ತರ ಸಾಲದು. ಬ್ರೋಸ್ಗಾಲ್ ಮೇಲಿನ ಸಿಟ್ಟನ್ನಾದರೂ ಅವನ ಮುಖಕ್ಕೆ ಎಸೆದೆ, ಈ ಪ್ರಶ್ನೆಯನ್ನು ಯಾರ ಮುಖಕ್ಕೆ ಎಸೆಯಲಿ?

ನಿನ್ನ ದಂಡಿನಲ್ಲಿ ಹತ್ತು ಮಂದಿ ನಮ್ಮವರು ಸಿಕ್ಕಾರು. ಅಮ್ಮನಿಗೆ ಕದ್ದಿಶ್ ನೀನು ಹೇಳು. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಹೊರಡುವ ದಿನ ನೀನು ನನ್ನನ್ನು ತಬ್ಬಿಕೊಂಡು, "ಅಣ್ಣ, ನಿಂದು ನಿಂಗೆ, ನಂದು ನಂಗೆ" ಎಂದಿದ್ದೆ. ಈ ಊರಿನಲ್ಲಿ ನನಗೆ ಸಿಕ್ಕ ಒಳ್ಳೆಯ ಮಾತು ಅದೊಂದೇ.

ದೇವರು ನಿನ್ನನ್ನು ಕೈಕಾಲು ನೆಟ್ಟಗೆ ಮನೆಗೆ ಕರೆತರಲಿ. ಯಾರನ್ನೂ ಕೊಲ್ಲುವ ಪ್ರಸಂಗ ನಿನಗೆ ಬಾರದಿರಲಿ. ಬಂದರೆ, ಬದುಕಿ ಉಳಿಯುವವನು ನೀನೇ ಆಗು.

ನಿನ್ನ ಅಣ್ಣ,
ಎಲ್ಕನ್

ಇನ್ನೊಂದು ಮಾತು. ಬರೆಯಬಾರದೆಂದಿದ್ದೆ. ಅಮ್ಮನ ಬಟ್ಟೆ ತರಲು ಆಸ್ಪತ್ರೆಗೆ ಹೋದಾಗ ನರ್ಸ್, "ನೀವು ಅವರಿಗೆ ಏನಾಗ್ಬೇಕು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ, "ಪಾಪ, ಇದ್ದಿದ್ದು ಒಬ್ಬನೇ ಮಗ ಅಂತೆ, ಇಟಲೀಲಿ ಇದಾನಂತೆ. ಕೊನೇ ದಿನದವರೆಗೂ ವಾರ್ಡಿಗೆಲ್ಲ ಅವನ ಫೋಟೋ ತೋರಿಸ್ತಿದ್ರು" ಎಂದಳು. ಪಕ್ಕದ ಮನೆಯವನು ಎಂದು ಹೇಳಿ ಗಂಟು ತೆಗೆದುಕೊಂಡು ಬಂದೆ. ಅಮ್ಮನ ಮಾತನ್ನು ಸುಳ್ಳು ಮಾಡಲು ಮನಸ್ಸು ಬರಲಿಲ್ಲ.