ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿದವರು ಯಾರು?

ನನ್ನ ಅಂಗಡಿಗೆ ನೋಟಿಸ್ ಕಳಿಸಿದ ಅಧಿಕಾರಿಗಳೇ,

ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು ಎಂದಿದ್ದೀರಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಕತ್ತರಿ ಹಿಡಿದವನು ನಾನು. ಅಂಗಡಿಯ ಬೋರ್ಡಿನಲ್ಲಿ ಕಟಿಂಗ್, ಶೇವಿಂಗ್ ಎಂದು ಬರೆದದ್ದು ಬಿಟ್ಟರೆ ಈ ಎಪ್ಪತ್ತು ವರ್ಷಕ್ಕೆ ಏನೂ ಬರೆದವನಲ್ಲ. ಬಾಯಲ್ಲೇ ಹೇಳೋಣ ಅಂತ ಎರಡು ಸಲ ನಿಮ್ಮ ಕಚೇರಿಗೆ ಬಂದೆ. "ಸಾಹೇಬ್ರು ಮೀಟಿಂಗಲ್ಲಿದಾರೆ, ಬರ್ದು ಕೊಡಿ" ಅಂದರು. ಸರಿ, ಗಿರಾಕಿಗಳನ್ನು ಕಾಯಿಸಿ ಬರೆಯುತ್ತಿದ್ದೇನೆ. ನಿಮ್ಮ ಫೈಲಿಗಷ್ಟೇ ಅಲ್ಲ, ಪತ್ರಿಕೆಗೂ ಕೊಟ್ಟಿದ್ದೇನೆ. ನಾಲ್ಕು ಜನ ಓದಲಿ.

ಕ್ಯಾನ್ಸರ್ ಬಂದ ಮಕ್ಕಳಿಗೆ ವಿಗ್ ಮಾಡಿಸಲು ಜನವರಿಯಲ್ಲಿ ನೀವು ಕೇಶದಾನ ಶಿಬಿರ ಮಾಡಿದಿರಿ. ಬುಡ ಯಾವುದು ತುದಿ ಯಾವುದು ತಿಳಿಯದಂತೆ ಬೆರೆತಿದೆ ಎಂದು ವಿಗ್ ಮಾಡುವವರು ಆ ಕೂದಲನ್ನು ವಾಪಸು ಕಳಿಸಿದರು. ಇದಕ್ಕೆ "ಕ್ಷೌರಿಕನ ಕರ್ತವ್ಯಲೋಪವೇ ಕಾರಣವೆಂದು ಮೇಲ್ನೋಟಕ್ಕೆ ಕಂಡುಬಂದಿದೆ" ಎಂದು ನಿಮ್ಮ ನೋಟಿಸು. ಯಾರ ಮೇಲ್ನೋಟ ಸ್ವಾಮಿ? ನಾನು ಯಾವಾಗ ನಿಮ್ಮ ನೌಕರನಾದೆ? ಅಂಗಡಿ ಬಾಗಿಲು ಹಾಕಿ, ಬಸ್ ಹತ್ತಿ, ನನ್ನದೇ ಕತ್ತರಿ ತಂದು ಪುಕ್ಕಟೆ ಕೆಲಸ ಮಾಡಿದವನಿಗೆ ಕರ್ತವ್ಯ ಕಲಿಸುತ್ತೀರಾ?

ಅಂದು ಮೂವತ್ತನಾಲ್ಕು ಹೆಂಗಸರು ಕೂದಲು ಕೊಟ್ಟರು. ಒಬ್ಬೊಬ್ಬರ ಜಡೆಗೂ ಮೇಲೊಂದು ಕೆಳಗೊಂದು ರಬ್ಬರ್ ಬ್ಯಾಂಡ್ ಹಾಕಿ, ಆಮೇಲೆ ಕತ್ತರಿಸಿದೆ. ಬುಡವೆಲ್ಲ ಒಂದೇ ಕಡೆಗೆ ಬರುವಂತೆ ಪೆಟ್ಟಿಗೆಯಲ್ಲಿ ಜೋಡಿಸಿದೆ. ಬುಡ ತುದಿ ಬೆರೆತರೆ ವಿಗ್ ನಾಲ್ಕೇ ದಿನಕ್ಕೆ ಸಿಕ್ಕಾಗುತ್ತದೆ. ಇದು ನನ್ನ ಅಪ್ಪ ಹೇಳಿಕೊಟ್ಟದ್ದು, ನಿಮ್ಮ ಸುತ್ತೋಲೆಯಲ್ಲಿ ಓದಿದ್ದಲ್ಲ. ನಮ್ಮೂರ ದುಗ್ಗಮ್ಮ ಮೊಣಕಾಲಿನವರೆಗಿನ ಜಡೆ ಮುಂದಿಟ್ಟುಕೊಂಡು ಕೂತಳು.

"ಮಂಜಣ್ಣ, ಬಿಳಿ ಕೂದ್ಲು ಆರ್ಸಿ ತೆಗೀರಿ. ಮಗು ಅಜ್ಜಿ ಥರ ಕಂಡ್ರೆ ನಂಗೇ ಬೈತದೆ."

"ನಿನ್ನ ತಲೇಲಿ ಆರ್ಸಕ್ಕೆ ಕೂತ್ರೆ ಕಡೇ ಬಸ್ ಹೋಗ್ತದೆ ಮಾರಾಯ್ತಿ, ಸುಮ್ನೆ ಕೂತ್ಕ."

ಅಷ್ಟರಲ್ಲಿ ಅತಿಥಿಗಳ ಕಾರು ಬಂತು. ನೀವು ಪೆಟ್ಟಿಗೆ ನೋಡಿ ಮುಖ ಸಿಂಡರಿಸಿದಿರಿ. "ಏನ್ರೀ ಇದು, ಸಂತೆ ಸೊಪ್ಪಿನ ಕಟ್ಟು ಇದ್ದಂಗಿದೆ! ದಾನ ಅಂದ್ಮೇಲೆ ಹರಿವಾಣದಲ್ಲಿ ಕೊಡೋದು ಬೇಡ್ವಾ?" ನಿಮ್ಮ ಸಿಬ್ಬಂದಿ ರಬ್ಬರ್ ಬ್ಯಾಂಡ್ ಕಿತ್ತು ಮೂವತ್ತನಾಲ್ಕು ಜಡೆಯನ್ನೂ ಬಿಚ್ಚಿ ಹಿತ್ತಾಳೆ ಹರಿವಾಣದಲ್ಲಿ ರಾಶಿ ಹಾಕಿದರು. ಮೇಲೊಂದು ತೆಂಗಿನಕಾಯಿ, ಅರಿಶಿನ, ಕುಂಕುಮ. ಮದುವೆ ಮನೆಯ ಫಲತಾಂಬೂಲವೇ ಅದು?

"ಬಿಚ್ಬೇಡಿ ಸಾರ್, ಹಾಳಾಗ್ತದೆ" ಎಂದು ಕೂಗಿದೆ.

"ನಿಮ್ಮ ಕೆಲ್ಸ ಮುಗೀತಲ್ಲ ಅಜ್ಜಾ, ಕೂತ್ಕೊಳ್ಳಿ. ಊಟ ಇದೆ" ಎಂದಿರಿ.

ನಾನು ಕೂತೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಹರಿವಾಣ ಕಿತ್ತುಕೊಳ್ಳಬೇಕಿತ್ತು. ಉಳಿದ ತಪ್ಪು ಯಾರದೆಂದು ತಿಳಿಯಲು ತನಿಖೆ ಯಾಕೆ? ನಿಮ್ಮ ಕಚೇರಿ ಬಾಗಿಲಲ್ಲಿ ಆ ಶಿಬಿರದ ಫೋಟೋ ತೂಗುಹಾಕಿದ್ದೀರಲ್ಲ, ಅದನ್ನೇ ಕಣ್ಣುಬಿಟ್ಟು ನೋಡಿ. ಬಿಚ್ಚಿದ ಕೂದಲ ರಾಶಿ ನಿಮ್ಮ ಕೈಯಲ್ಲೇ ಇದೆ.

ಅಂದೇ ಶಿಬಿರದ ವೇದಿಕೆಯಲ್ಲಿ ಮೈಕ್ ಹಿಡಿದು, ಮೊದಲ ವಿಗ್ ನಮ್ಮ ಯಶಸ್ವಿನಿಗೆ ಎಂದು ಸಾರಿದಿರಿ. ಒಂಬತ್ತು ವರ್ಷದ ಮಗು ಅದು, ನಮ್ಮ ಪಕ್ಕದ ಓಣಿಯ ಶ್ಯಾಮಲಾಳ ಮಗಳು. ಆಮೇಲೆ ಔಷಧಿಗೆ ಕೂದಲು ದಿಂಬಿನ ಮೇಲೆ ಉದುರತೊಡಗಿದಾಗ ಮನೆಗೆ ಹೋಗಿ ತಲೆ ಬೋಳಿಸಿದವನು ನಾನೇ. ಅಳಲಿಲ್ಲ. "ಅಜ್ಜಾ, ವಿಗ್‌ಗೆ ಎರಡು ಜಡೆ ಹಾಕಕ್ಕೆ ಆಗ್ತದಾ?" ಎಂದು ಕೇಳಿತು. ಆಗ್ತದೆ, ಜೂನಿಗೆ ಶಾಲೆ ಶುರುವಾಗೋದ್ರೊಳಗೆ ಬರ್ತದೆ ಎಂದೆ. ನಿಮ್ಮ ಮಾತು ನಂಬಿ ಹೇಳಿದ ಮಾತು ಅದು.

ಮೊನ್ನೆ ಶ್ಯಾಮಲಾ ಅಂಗಡಿಗೇ ಬಂದಳು. "ಮಂಜಣ್ಣ, ವಿಗ್ ಇಲ್ದೆ ಶಾಲೆಗೆ ಹೋಗದೇ ಇಲ್ಲ ಅಂತ ಕೂತದೆ. ಸತ್ಯ ಹೇಳಿ, ಬರ್ತದಾ ಇಲ್ವಾ?" ನಿಮ್ಮ ನೋಟಿಸು ನನ್ನ ಜೇಬಿನಲ್ಲೇ ಇತ್ತು. ನಾನು ಏನು ಹೇಳಬೇಕಿತ್ತು? ಕಡತ ಪರಿಶೀಲನೆಯಲ್ಲಿದೆ ಎನ್ನಲೇ?

ಆ ಕೂದಲು ಇನ್ನೂ ಪೂರ್ತಿ ಕೆಟ್ಟಿಲ್ಲ. ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದರೆ ಅದು ಬುಡದ ಕಡೆಗೇ ಸರಿಯುತ್ತದೆ. ಬೇಕಾದರೆ ನಿಮ್ಮ ತಲೆಯದನ್ನೇ ಕಿತ್ತು ನೋಡಿಕೊಳ್ಳಿ. ಹಾಗೆ ಎಳೆ ಎಳೆ ವಿಂಗಡಿಸಲು ದುಗ್ಗಮ್ಮ ಮತ್ತು ಆರು ಹೆಂಗಸರು ನನ್ನ ಅಂಗಡಿಯಲ್ಲಿ ಕೂರಲು ತಯಾರಿದ್ದಾರೆ. ಮೂವತ್ತನಾಲ್ಕೂ ಸರಿಹೋಗುತ್ತದೆಂದು ಸುಳ್ಳು ಹೇಳುವುದಿಲ್ಲ. ಒಂದು ವಿಗ್‌ಗೆ ಸಾಕಾಗುವಷ್ಟು ಸಿಗುತ್ತದೆ. ಮೇ ಒಂದರೊಳಗೆ ತಲುಪಿಸಿದರೆ ತಿಂಗಳಲ್ಲಿ ಮಾಡಿಕೊಡುತ್ತೇವೆ ಎಂದು ವಿಗ್ ಮಾಡುವವರು ಫೋನಿನಲ್ಲಿ ಒಪ್ಪಿದ್ದಾರೆ.

ಆದರೆ ವಾಪಸು ಬಂದ ಕೂದಲಿನ ಚೀಲ ಕೊಡಿ ಎಂದರೆ ನಿಮ್ಮ ಗುಮಾಸ್ತರ ಉತ್ತರ ಏನು ಗೊತ್ತೇ? "ತನಿಖೆ ಮುಗಿಯೋವರ್ಗೂ ಅದು ಸಾಕ್ಷಿ, ಕೊಡಂಗಿಲ್ಲ." ಬಿಚ್ಚಿಸಿದವರು ನೀವು, ತನಿಖೆ ಮಾಡುವವರು ನೀವು, ಜಿರಲೆ ಓಡಾಡುವ ಕೋಣೆಯಲ್ಲಿ ಬೀಗ ಹಾಕಿಟ್ಟವರೂ ನೀವು. ನನ್ನ ಮೇಲೆ ಏನು ಬೇಕಾದರೂ ಬರೆದುಕೊಳ್ಳಿ, ಹೆಬ್ಬೆಟ್ಟು ಬೇಡ, ಸಹಿಯನ್ನೇ ಹಾಕುತ್ತೇನೆ. ಕೂದಲು ಬಿಡಿ.

ಚೀಲ ಕೊಡುತ್ತೀರೋ ಇಲ್ಲವೋ, ಏಪ್ರಿಲ್ ಹದಿನೈದರ ಸಂಜೆ ಐದು ಗಂಟೆಯೊಳಗೆ ಉತ್ತರ ಕೊಡಿ.

ಇಂತಿ,
ಶ್ಯಾಮಲಾಳ ಮನೆ ಮುಂದೆ ಹಾಯಲಾರದೆ ಸುತ್ತು ಬಳಸಿ ಅಂಗಡಿಗೆ ಹೋಗುತ್ತಿರುವ
ಮಂಜಯ್ಯ
ಕ್ಷೌರದಂಗಡಿ, ಹುಂಚ