ಹೆಸ್ಟರಳ ಹಳೇ ಗಿರಾಕಿ

ನವೆಂಬರ್ 4, ಮಂಗಳವಾರ

ಬರ್ಟನ್ ತಿಂಡಿ ತಿಂದವನೇ ದಕ್ಕೆಗೆ ಹೋದ. ಲಾಬ್‌ಸ್ಟರ್ ಸೀಸನ್ ಹತ್ತಿರ ಬಂತು. ಇನ್ನು ದೋಣಿ, ಹಗ್ಗ, ಬೋನು ಬಿಟ್ಟರೆ ಗಂಡನಿಗೆ ಬೇರೆ ಲೋಕವಿಲ್ಲ. ನನಗೂ ನೆಮ್ಮದಿ. ಟೀ ಹಿಡಿದು ಕೂತು ಹೆಸ್ಟರಳ ಅಂಗಡಿ ತೆರೆದೆ.

ಅಂಗಡಿ ಇರುವುದು ಫೋನಿನಲ್ಲಿ. ಹೆಸ್ಟರ್ ಇರುವುದು ಪಕ್ಕದ ಪ್ರಾಂತ್ಯದ ಸ್ಯಾಕ್‌ವಿಲ್‌ನಲ್ಲಿ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಆರು ವರ್ಷದಿಂದ ನಾನು ಗೋಣಿಬಟ್ಟೆಯೊಳಗಿಂದ ಕೊಕ್ಕೆಯಲ್ಲಿ ಉಣ್ಣೆಪಟ್ಟಿ ಎಳೆದು ಮಾಡಿದ ಒಂದೊಂದು ನೆಲಹಾಸಿಗೂ ಅವಳು ಬಣ್ಣ ಹಾಕಿದ ಉಣ್ಣೆಬಟ್ಟೆಯೇ.

ಕಡುನೀಲಿಯ ತುಂಡು ಆರಿಸಿ ಮೆಸೇಜ್ ಹಾಕಿದೆ.

"ಹಳೇ ಗಿರಾಕಿ ಬಂದಿದೀನಿ. ಈ ಸಲ ಎಷ್ಟು ಬಿಡ್ತೀರಾ?"

"ಬಂದ್ರಾ ಮಿಸೆಸ್ ನಿಕಲ್! ಹತ್ತು ಪರ್ಸೆಂಟ್."

"ಹತ್ತಾ? ನಿಮ್ಮ ಅಂಗಡಿ ಹೊಸ್ತಿಲು ಸವೆಸಿದ್ದೇ ನಾನು."

"ಆಯ್ತು ತಾಯಿ, ಹನ್ನೆರಡು."

"ಹದಿನೈದು ಮಾಡಿ, ಎದ್ದು ಹೋಗ್ತೀನಿ."

"ಹದಿನೈದು. ಯಾರಿಗೂ ಹೇಳ್ಬೇಡಿ ಮತ್ತೆ."

ಯಾರಿಗೂ ಹೇಳ್ಬೇಡಿ. ಈ ಒಂದು ಮಾತಿಗಾಗಿಯೇ ಚೌಕಾಸಿ ಮಾಡುತ್ತೇನೋ ಏನೋ. ದಿನವಿಡೀ ಕೈ ಚುರುಕಾಗಿ ಓಡಿತು.

ನವೆಂಬರ್ 5, ಬುಧವಾರ

ಚರ್ಚ್ ಹಾಲ್‌ನಲ್ಲಿ ನಮ್ಮ ಹಾಸಿನ ಗುಂಪು. ಗ್ಲೆಂಡಾ ಜ್ವಿಕರ್ ಚೀಲದಿಂದ ಉಣ್ಣೆ ತೆಗೆದು ಮೇಜಿನ ಮೇಲೆ ಹರಡಿದಳು. ನೋಡಿದ ಕೂಡಲೇ ಗೊತ್ತಾಯಿತು — ಹೆಸ್ಟರಳದು. ಗ್ಲೆಂಡಾ ಕೊಕ್ಕೆ ಹಿಡಿದದ್ದೇ ಈ ವಸಂತದಲ್ಲಿ. ಗೋಣಿಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುವುದನ್ನು ಕಲಿಸಿದವಳು ನಾನು. ಹೆಸ್ಟರಳ ಅಂಗಡಿ ತೋರಿಸಿದವಳೂ ನಾನೇ.

"ಎಷ್ಟು ಬಿಟ್ಟಳೆ?" ಅಂದೆ. ಸುಮ್ಮನೆ, ಟೀ ಕುಡಿಯುತ್ತಾ.

"ಇಪ್ಪತ್ತೈದು."

"ಇಪ್ಪತ್ತೈದಾ!"

"ನಾನೇನೂ ಕೇಳ್ಲಿಲ್ಲ ಕಣೆ. ಅವಳೇ ಬಿಟ್ಟಳು."

ಕೇಳಲಿಲ್ಲವಂತೆ! ಅವಳ ಹಾಸಿನ ಕೋಳಿಯ ಕಾಲು ಸೊಟ್ಟಗಿತ್ತು. ಯಾವಾಗಲೂ ತಿದ್ದಿಕೊಡುತ್ತೇನೆ. ಇವತ್ತು "ಚೆನ್ನಾಗಿದೆ" ಎಂದು ಎದ್ದು ಬಂದೆ.

ನವೆಂಬರ್ 6

ಹೆಸ್ಟರಳಿಗೆ ಬರೆದೆ. ಈ ಸಲ ಇಪ್ಪತ್ತು ಬಿಡಿ ಎಂದು.

"ಹದಿನೈದಕ್ಕಿಂತ ಆಗಲ್ಲ ಮಿಸೆಸ್ ನಿಕಲ್. ಉಣ್ಣೆ ರೇಟು ಏರಿದೆ."

ಗ್ಲೆಂಡಾಳ ಮಟ್ಟಿಗೆ ಉಣ್ಣೆಯ ರೇಟು ಇಳಿದಿದೆಯೇನು? ಬರೆದು ಅಳಿಸಿದೆ.

ಕೊಕ್ಕೆ ಮುಟ್ಟಲಿಲ್ಲ. ಬರ್ಟನ್ "ಏನಾಯ್ತೆ?" ಎಂದ. ಹೆಸ್ಟರ್ ಜೊತೆ ರೇಟಿನ ಜಗಳ ಎಂದಷ್ಟೇ ಹೇಳಿದೆ. ಗಂಡನ ಹತ್ತಿರ ಇನ್ನೇನೆಂದು ಹೇಳಲಿ… ಮುಖವೇ ನೋಡದ ಹೆಂಗಸೊಬ್ಬಳು ಗ್ಲೆಂಡಾಳನ್ನು ನನಗಿಂತ ಹೆಚ್ಚು ಇಷ್ಟಪಡುತ್ತಾಳೆ ಎಂದೇ?

ನವೆಂಬರ್ 8, ಶನಿವಾರ

ಮಾಡಿದೆ. ಬರ್ಟನ್‌ನ ಇಮೇಲ್ ಕೊಟ್ಟು ಹೊಸ ಖಾತೆ. ಹೆಸರು ಬರ್ನಡೆಟ್ ಕೋರ್ಕಮ್, ಊರು ನಮ್ಮದೇ. ಹೊಸಬರಿಗೆ ಎಷ್ಟು ಬಿಡುತ್ತಾಳೋ ನೋಡೇಬಿಡೋಣ ಎಂದು.

ಹೊಸಬಳಲ್ಲವೇ, ಎತ್ತಿದ ಬಾಯಿಗೆ ಡಿಸ್ಕೌಂಟ್ ಕೇಳುವ ಹಾಗಿಲ್ಲ. "ಈ ನೀಲಿ ಹೇಗೆ ಬರ್ಸಿದ್ರಿ? ಮಧ್ಯೆ ಹಸಿರು ಹಾಯ್ದ ಹಾಗಿದೆಯಲ್ಲ" ಎಂದು ಕೇಳಿದೆ. ಪೀಠಿಕೆಗಷ್ಟೆ.

ಒಂದು ಪುಟದ ಉತ್ತರ ಬಂತು! ಬಣ್ಣ ಎಷ್ಟು, ವಿನೆಗರ್ ಎಷ್ಟು, ಪಾತ್ರೆಯನ್ನು ಯಾಕೆ ಕಲಕಬಾರದು, ಪಕ್ಕದಲ್ಲಿ ಮಲಗಿದ್ದ ನಾಯಿಯ ಬಾಲವೂ ಒಂದು ಸಲ ನೀಲಿಯಾದದ್ದು… ಕೊನೆಗೆ — "ಇಷ್ಟು ಕಣ್ಣಿಟ್ಟು ನೋಡೋರು ಕಮ್ಮಿ. ನಿಮಗೆ ಇಪ್ಪತ್ತು."

ಕೇಳದೆ ಇಪ್ಪತ್ತು. ಮೊದಲನೇ ದಿನವೇ.

ಗೆದ್ದೆ ಎನ್ನಿಸಬೇಕಿತ್ತು. ಅವಳಿಗೆ ನಾಯಿ ಇರುವುದೇ ನನಗೆ ಗೊತ್ತಿರಲಿಲ್ಲ.

ನವೆಂಬರ್ 13

ದಿನಾ ಬರೆಯುತ್ತಾಳೆ. ನನಗಲ್ಲ, ಬರ್ನಡೆಟ್‌ಗೆ. ಈಗ ಬರೀ "ಬರ್ನಿ". ನನ್ನ ಕಡುನೀಲಿಯ ಪಾರ್ಸೆಲ್ ಇವತ್ತು ಬಂತು. ಒಳಗೆ ಚೀಟಿ: "ಧನ್ಯವಾದ, ಮಿಸೆಸ್ ನಿಕಲ್." ಅದೇ ಹೊತ್ತಿಗೆ ಫೋನಿನಲ್ಲಿ: "ಬರ್ನಿ, ಇವತ್ತು ಭುಜ ಎತ್ತೋಕೇ ಆಗ್ತಿಲ್ಲ ಕಣೆ. ನೀರು ತುಂಬಿದ ಪಾತ್ರೆ ಎತ್ತಿ ಎತ್ತಿ ಹೋಯ್ತು. ನನ್ನ ತಂಗಿಗೂ ಹೇಳಿಲ್ಲ, ಸುಮ್ನೆ ಗಾಬರಿ ಆಗ್ತಾಳೆ."

ಬರ್ನಡೆಟ್ ಸಮಾಧಾನ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಎಲ್ಲಿಂದ ಬಂತೋ ಆ ಮಾತುಗಳು.

ಬರ್ಟನ್ ಊಟಕ್ಕೆ ಬಂದವನು, "ಯಾರ ಜೊತೆ ಅಷ್ಟೊಂದು ನಗ್ತಿದೀಯ?" ಎಂದ.

"ಹೆಸ್ಟರ್."

"ಜಗಳ ಆಡ್ತಿದ್ದೆಯಲ್ಲ ಅವಳ ಜೊತೆ?"

ಈಗಲೂ ಆಡುತ್ತಿದ್ದೇನೆ ಎಂದು ಅವನಿಗೆ ಹೇಗೆ ತಿಳಿಸಲಿ?

ನವೆಂಬರ್ 16, ಭಾನುವಾರ

ಕೇಳಬಾರದಿತ್ತು. ಬರ್ನಡೆಟ್ ಕೈಲಿ ಕೇಳಿಸಿದೆ — ನಮ್ಮ ಕಡೆಯವರು ಇನ್ಯಾರಾದರೂ ನಿಮ್ಮಲ್ಲಿ ತೆಗೆದುಕೊಳ್ಳುತ್ತಾರಾ ಎಂದು. ಹೊಗಳಿಕೆ ಕೇಳುವ ಆಸೆ.

"ಇಬ್ಬರಿದ್ದಾರೆ. ಗ್ಲೆಂಡಾ, ಆಮೇಲೆ ಮಿಸೆಸ್ ನಿಕಲ್ ಅಂತ. ಆಯಮ್ಮ ಆರಿಸೋ ಬಣ್ಣ ನೋಡಿದ್ರೆ ಗೊತ್ತಾಗುತ್ತೆ, ಕೈ ಅದ್ಭುತವಾಗಿರ್ಬೇಕು. ಆದ್ರೆ ಆರು ವರ್ಷದಲ್ಲಿ ಒಂದು ಸಲ ಹೇಗಿದೀರಾ ಅಂತ ಕೇಳಿಲ್ಲ ನೋಡು."

ಸುಳ್ಳು ಎಂದುಕೊಂಡು ಹಳೆಯ ಮೆಸೇಜುಗಳನ್ನೆಲ್ಲ ಮೇಲಿನಿಂದ ಕೆಳಗೆ ಓದಿದೆ. ಆರು ವರ್ಷದ್ದು. ಹತ್ತು, ಹನ್ನೆರಡು, ಹದಿನೈದು. ಬರೀ ಅದೇ.

ನವೆಂಬರ್ 18

ಹೆಸ್ಟರ್ ಅಂಗಡಿ ಮುಚ್ಚುತ್ತಿದ್ದಾಳೆ. ಡಿಸೆಂಬರ್ ಮೊದಲ ವಾರ ಸ್ಯಾಕ್‌ವಿಲ್ ಹತ್ತಿರದ ಮಾಂಕ್ಟನ್‌ನಲ್ಲಿ ಭುಜದ ಆಪರೇಷನ್. ಈ ಶನಿವಾರ ಕೊನೆಯ ಬಾರಿ ಬಣ್ಣ ಹಾಕುತ್ತಾಳಂತೆ. "ಗ್ಲೆಂಡಾ ಬರ್ತಾಳೆ. ಅವಳ ಕಾರಲ್ಲೇ ನೀನೂ ಬಾ ಬರ್ನಿ. ಕೊನೇ ನೀಲಿ ನಿನ್ನ ಕಣ್ಣೆದುರಿಗೇ ಆಗ್ಲಿ."

ವರ್ನಾ ನಿಕಲ್‌ಗೆ ಒಂದಕ್ಷರವಿಲ್ಲ. ಮೂರು ಸಲ ಫೋನ್ ನೋಡಿದೆ.

ಇಲ್ಲದ ಹೆಂಗಸಿನ ಮೇಲೆ ಹೊಟ್ಟೆ ಉರಿಯುತ್ತಿದೆ. ಹೆಸರಿಟ್ಟವಳು ನಾನು, ಮಾತು ಕಲಿಸಿದವಳು ನಾನು, ನನ್ನದೇ ಅಡುಗೆಮನೆಯಲ್ಲಿ ಕೂತು ಬರೆದವಳು ನಾನು. ಕರೆ ಬಂದದ್ದು ಅವಳಿಗೆ.

ನವೆಂಬರ್ 19, ಬುಧವಾರ

ಗುಂಪಿನಲ್ಲಿ ಗ್ಲೆಂಡಾ: "ವರ್ನಾ, ಬರ್ನಡೆಟ್ ಕೋರ್ಕಮ್ ಅಂದ್ರೆ ಯಾರೆ? ನಮ್ಮೂರವಳಂತೆ, ಯಾರಿಗೂ ಗೊತ್ತಿಲ್ಲ. ಶನಿವಾರ ಏಳು ಗಂಟೆಗೆ ಹಾಲ್ ಮುಂದೆ ಹತ್ತಿಸ್ಕೋಬೇಕು."

"ನನಗೇನು ಗೊತ್ತು?"

"ಹೆಸ್ಟರ್‌ಗಂತೂ ಅವಳಂದ್ರೆ ಪ್ರಾಣ."

ಕೊಕ್ಕೆ ಬೆರಳಿಗೆ ಚುಚ್ಚಿತು.

ನವೆಂಬರ್ 21, ಶುಕ್ರವಾರ

ಹುಷಾರಿಲ್ಲ, ಬರ್ನಡೆಟ್ ಬರಲ್ಲ ಎಂದು ಟೈಪ್ ಮಾಡಿಟ್ಟು ಬೆಳಗಿನಿಂದ ಹಾಗೇ ಬಿಟ್ಟಿದ್ದೇನೆ. ಕಳಿಸಿದರೆ ಎಲ್ಲ ಮುಗಿಯುತ್ತದೆ. ಹೆಸ್ಟರಳೂ ಮುಗಿದ ಹಾಗೆ.

ಕಳಿಸಲಿಲ್ಲ.

ನವೆಂಬರ್ 22, ಶನಿವಾರ. ಸ್ಯಾಕ್‌ವಿಲ್, ಮಧ್ಯಾಹ್ನ

ಹೆಸ್ಟರಳ ಅಡುಗೆಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಒಲೆ, ಮೇಲೆ ನೀಲಿ ಪಾತ್ರೆ. ಕಲಕಬಾರದು, ಕಾಯಬೇಕು.

ಬೆಳಿಗ್ಗೆ ಹಾಲ್ ಮುಂದೆ ಗ್ಲೆಂಡಾ ಕಾರಿನ ಗಾಜು ಇಳಿಸಿ, "ನೀನೇನೆ ಇಲ್ಲಿ? ಬರ್ನಡೆಟ್ ಎಲ್ಲಿ?" ಎಂದಳು.

"ಅಂಥವಳು ಇಲ್ಲ. ನಾನೇ ಅವಳು."

ಹತ್ತಿಸಿಕೊಂಡಳು. ಹೆದ್ದಾರಿ ಸೇರಿದೆವು. ಆಮೇಲೆ — "ಇಪ್ಪತ್ತೈದು ಅಂದೆನಲ್ಲ, ಅವತ್ತಿಂದಾನಾ?"

"ಹೂಂ."

"ಅಯ್ಯೋ ಮಾರಾಯ್ತಿ! ಮಾಂಕ್ಟನ್‌ಗೆ ಮಗಳ ಮನೆಗೆ ಹೋಗ್ತಾ ನಾನೇ ಅವಳ ಮನೆಯಿಂದ ತರ್ತೀನಿ ಕಣೆ. ಪೋಸ್ಟ್ ಖರ್ಚಿಲ್ಲ, ಪ್ಯಾಕಿಂಗ್ ಇಲ್ಲ. ಅದಕ್ಕೆ ಬಿಟ್ಟಳು. ನನ್ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಅಷ್ಟೇ. ಅಷ್ಟಕ್ಕೇ ಇಷ್ಟೆಲ್ಲ.

ಹೆಸ್ಟರ್ ಬಾಗಿಲಲ್ಲೇ ನಿಂತಿದ್ದಳು. ಎಣಿಸಿದ್ದಕ್ಕಿಂತ ಸಣ್ಣ ಹೆಂಗಸು. ಬಲಗೈಯನ್ನು ಎದೆಗೆ ಕಟ್ಟಿಕೊಂಡಿದ್ದಳು. "ಬರ್ನಿ!" ಎನ್ನುತ್ತಾ ಎಡಗೈ ಚಾಚಿ ಬಂದಳು. ಆ ಮುಖ… ಅಷ್ಟು ಖುಷಿ ನನಗಾಗಿ ಅಲ್ಲ.

"ನಾನು ವರ್ನಾ ನಿಕಲ್. ಬರ್ನಿಯ ಹೆಸರಲ್ಲಿ ಬರೆದಿದ್ದೂ ನಾನೇ."

ಚಾಚಿದ ಕೈ ಕೆಳಗಿಳಿಯಿತು.

"ಯಾಕೆ?"

"ಗ್ಲೆಂಡಾಗೆ ಜಾಸ್ತಿ ಬಿಟ್ರಿ ಅಂತ."

"ನನ್ನ ಭುಜದ ವಿಷಯ ತಂಗಿಗೂ ಹೇಳಿರ್ಲಿಲ್ಲ" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು. ಶೆಡ್ಡಿನ ಕಡೆ ಕೈ ತೋರಿಸಿ, "ಬಂದಿದ್ದೀರಲ್ಲ, ಆ ಪಾತ್ರೆ ಎತ್ತಿ ಒಲೆ ಮೇಲಿಡಿ" ಎಂದು ಒಳಗೆ ಹೋದಳು.

ಎತ್ತಿಟ್ಟೆ. ಅಬ್ಬಾ, ಏನು ಭಾರ. ಇದನ್ನು ಒಬ್ಬಳೇ ಎತ್ತುತ್ತಿದ್ದಳು — ನಾನು ಹನ್ನೆರಡಲ್ಲ, ಹದಿನೈದು ಎನ್ನುತ್ತಿದ್ದಾಗೆಲ್ಲ.

ಮಧ್ಯೆ ಎರಡು ಸಲ ಬಂದು ನೋಡಿ ಹೋದಳು. ನಾಯಿ ಮಾತ್ರ ನನ್ನ ಕಾಲ ಹತ್ತಿರ ಬಂದು ಮಲಗಿದೆ.

ಈಗಷ್ಟೆ ಅಡುಗೆಮನೆಯಿಂದ ಗ್ಲೆಂಡಾಳ ದನಿ ಕೇಳಿತು. "ಆಪರೇಷನ್ ದಿನ ನಾನಿರ್ತೀನಿ ಹೆಸ್ಟರ್, ಮಗಳ ಮನೇಲೇ ಉಳ್ಕೋತೀನಿ."

ಮತ್ತೆ ಅದೇ ಹೊಟ್ಟೆಕಿಚ್ಚು. ಎದ್ದು ಹೋಗಿ ಬಾಗಿಲಲ್ಲಿ ನಿಂತೆ. "ನಾನು ಬರ್ತೀನಿ. ಮನೆಗೆ ವಾಪಸ್ ಬಂದ್ಮೇಲೂ ಇರ್ತೀನಿ. ಬರ್ಟನ್ ಹೇಗೂ ಸಮುದ್ರದಲ್ಲಿರ್ತಾನೆ."

ಹೆಸ್ಟರ್ ತಿರುಗಲಿಲ್ಲ. "ಯಾರು ಬರೋದು? ಮಿಸೆಸ್ ನಿಕಲ್ಲಾ, ಬರ್ನಿಯಾ?"

"ನೀವು ಯಾರನ್ನ ಕರೀತೀರೋ ಅವರು."

ಗ್ಲೆಂಡಾ ಟೀ ಬಟ್ಟಲಿನೊಳಗೆ ಮುಖ ಹುದುಗಿಸಿದಳು. ಹೆಸ್ಟರ್ ಎಡಗೈಯಲ್ಲಿ ನಲ್ಲಿ ತಿರುಗಿಸಿ ನೀರು ಬಿಟ್ಟಳು. ಬಂದು ಮತ್ತೆ ಇಲ್ಲೇ ಕೂತೆ.

ಉಣ್ಣೆ ಬಣ್ಣ ಹೀರಿಕೊಂಡಿದೆ. ನೀರು ಬಹುತೇಕ ತಿಳಿಯಾಗಿದೆ. ಮಧ್ಯದಲ್ಲಿ ಆ ಹಸಿರು…

ಒಳಗಿನಿಂದ ಕೂಗಿದಳು. ಬರ್ನಿ ಎಂದಳೋ ವರ್ನಾ ಎಂದಳೋ, ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗುತ್ತಿದ್ದಾಳೆ. ಬರೆಯುವುದು ಸಾಕು, ಹೋಗುತ್ತೇನೆ.